ಶಂಕ್ರಮ್ಮನ ಮೌನ

“ಒಂದು ಹೊತ್ತಿನ ಮಾತು ಅಕ್ಕಾ. ಬಾಯಿ ಮಾತ್ರ ಬಿಚ್ಚಬ್ಯಾಡ. ಶ್ರಾವಣದ ಮೌನ ಹಿಡಿದಾಳ ಅಂತ ಹೇಳ್ತೀನಿ.”

ಕಮಲಾಪುರದಿಂದ ಗಾಡಿ ಕಟ್ಟಿದಾಗಿನಿಂದ, ಎತ್ತು ಹೊಡೆಯುವ ಮಲ್ಕಪ್ಪನಿಗೆ ಕೇಳಿಸದಂತೆ ಅಕ್ಕನ ಕಿವಿಯಲ್ಲಿ ದೌಲಪ್ಪನದು ಅದೇ ಪಲ್ಲವಿ. ರಾತ್ರಿ ತಾಜಸುಲ್ತಾನಪುರದ ನೆಂಟರಲ್ಲಿ ಇಳಿದಾಗಲೂ ಅದೇ, ಬೆಳಿಗ್ಗೆ ಕಲಬುರಗಿಯ ದಾರಿ ಹಿಡಿದಾಗಲೂ ಅದೇ. ಶಂಕ್ರಮ್ಮ ಹೂಂ ಎಂದಳು. ಆ ಹೂಂಕಾರವೂ ಒಡಕು ಬಿದಿರಿನಂತೆ ಕೇಳಿಸಿತು.

ಹದಿನಾರರಲ್ಲಿ ನಾಟಕ ಕಂಪನಿಯ ಹಿಂದೆ ಹೋದವಳು ಅವಳು. ಸೊಲ್ಲಾಪುರ, ಹೈದರಾಬಾದು ಎಂದು ಹಾಡುತ್ತ ತಿರುಗಿದಳು. ಕಂಪನಿಯವರು ಇಟ್ಟ ಹೆಸರು ಪುತಳಾಬಾಯಿ. ಹೋದ ಚಳಿಗಾಲದ ಜ್ವರ ಇಳಿಯುವಾಗ ಕಂಠವನ್ನೂ ಒಯ್ದಿತು. ಸ್ವಲ್ಪ ದಿನ ಪಾತ್ರದವರ ಬಟ್ಟೆ ಹೊಲಿದಳು, ಆಮೇಲೆ ಅದಕ್ಕೂ ಬೇಡವಾದಳು. ತಮ್ಮನ ಮನೆಗೆ ಬಂದಳು. ಅಕ್ಕನನ್ನು ಸೊಲ್ಲಾಪುರದ ಕಡೆ ಕೊಟ್ಟಿದ್ದೇವೆ ಎಂದು ದೌಲಪ್ಪ ಊರಿಗೆಲ್ಲ ಹೇಳಿದ್ದ. ಹಾಗಾಗಿ ಅವಳು ವಿಧವೆಯಾಗಿ ಬರಬೇಕಾಯಿತು. ಇಲ್ಲದ ಗಂಡನಿಗಾಗಿ ಬಳೆ ತೆಗೆದಳು.

ಅದಕ್ಕೂ ಅವಳಿಗೆ ಬೇಸರವಾಗಲಿಲ್ಲ. ಬಯಸಿ ಬಂದದ್ದು ಒಂದನ್ನೇ. ಇಷ್ಟು ವರ್ಷ ಯಾರೋ ಬರೆದ ಮಾತು ಆಡಿದ್ದಾಗಿತ್ತು; ಇನ್ನು ಕಟ್ಟೆಯ ಮೇಲೆ ಕೂತು ಯಾರ ಎಮ್ಮೆ ಈದಿತು, ಯಾರ ಸೊಸೆ ಮುನಿದಳು ಎಂದು ತನ್ನ ಮಾತು ತಾನು ಆಡಬೇಕು. ಆದರೆ ನಾಲಿಗೆ ಕಂಪನಿಯದೇ ಆಗಿಹೋಗಿತ್ತು. ಮರಾಠಿ, ಉರ್ದು ಬೆರೆತು, ಒಂದೊಂದು ಮಾತೂ ಕಟ್ಟಕಡೆಯ ಸಾಲಿನವರಿಗೆ ಹೇಳಿದಂತೆ ಬೀಳುತ್ತಿತ್ತು. ಹೊಸ ವಿಧವೆ ಹೊರಬೀಳಬಾರದು ಎಂಬ ನೆವದಲ್ಲಿ ದೌಲಪ್ಪ ಅವಳನ್ನು ಒಳಗೇ ಇಟ್ಟ. “ಜಯದೇವಿ ಮದುವಿ ಆಗಲಿ, ಆಮ್ಯಾಲ ಬೇಕಾದಷ್ಟು ಮಾತಾಡು” ಎಂದಿದ್ದ. ತಾಯಿಯಿಲ್ಲದ ಅವನ ಆ ಮಗಳೊಬ್ಬಳೇ ಅತ್ತೆಯ ಜೊತೆ ಒಲೆ ಮುಂದೆ ಹರಟುತ್ತಿದ್ದಳು.

ಈಗ ಆ ಜಯದೇವಿಗೇ ಗಂಡು ಬಂದಿತ್ತು. ಹೆಣ್ಣಿನ ಕಡೆಯ ಹಿರಿಯ ಹೆಂಗಸು ಬಂದು ಮನೆ ನೋಡಲೇಬೇಕು ಎಂದು ಗಂಡಿನ ಅಜ್ಜಿ ಹೇಳಿ ಕಳಿಸಿದ್ದಳು. ವಿಧವೆಯಾದರೇನು, ದೌಲಪ್ಪನ ಮನೆಯಲ್ಲಿ ಹಿರಿಯಳೆಂದರೆ ಶಂಕ್ರಮ್ಮ ಒಬ್ಬಳೇ.

ಸ್ಟೇಶನ್ ಬಜಾರದಲ್ಲಿ ಗಂಡಿನ ತಂದೆ ಜಗದೇವಪ್ಪನ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಅವನ ತಾಯಿ ನೀಲಗಂಗಮ್ಮ ಮೌನದ ಸುದ್ದಿ ಕೇಳಿ ನಕ್ಕಳು. “ನಮ್ಮ ಸೊಸೆಂದಿರಿಗಿಷ್ಟು ಕಲಿಸಿ ಹೋಗವ್ವ, ಪುಣ್ಯಾ ಬರ್ತದ.”

“ಮಾತಾಡ್ಲಾರದ ಹ್ಯಾಂಗ ಕಲಿಸ್ತಾರತ್ತಿ?” ಎಂದಳು ಒಳಗಿನಿಂದ ಒಬ್ಬ ಸೊಸೆ.

“ನೋಡ್ರಿ, ಇದನ್ನ ಹೇಳಿದ್ದು ನಾ!” ಎಂದಳು ನೀಲಗಂಗಮ್ಮ.

ಎಲ್ಲರೂ ನಕ್ಕರು. ಶಂಕ್ರಮ್ಮನೂ ಸೆರಗಿನೊಳಗೆ ನಕ್ಕಳು. ಇಂಥ ಮಾತಿಗಾಗಿಯೇ ಅಲ್ಲವೆ ಅವಳು ಬಂದದ್ದು!

ಉಂಡಮೇಲೆ ಜಗದೇವಪ್ಪ ಹೊಸದಾಗಿ ತಂದ ಹಾಡುವ ಪೆಟ್ಟಿಗೆಯನ್ನು ಪಡಸಾಲೆಗೆ ತರಿಸಿದ. “ದೌಲಪ್ಪನವರ, ನಿಮಗಂತನೇ ಒಂದು ಪ್ಲೇಟು ತೆಗೆದಿಟ್ಟೀನ್ರಿ. ಕೇಳ್ರಿ.”

ಕಹಳೆ ಗೊರಗುಟ್ಟಿತು, ದನಿ ಎದ್ದಿತು. ಎರಡನೆಯ ಸ್ವರಕ್ಕೇ ಶಂಕ್ರಮ್ಮನಿಗೆ ಗುರುತು ಹತ್ತಿತು. ಒಂದು ಬಿರುಕಿಲ್ಲದ ದನಿ, ಮೇಲೇರುವಾಗ ಅಂಜಿಕೆಯೇ ಇಲ್ಲ. ಹಾಡು ಮುಗಿದ ಮೇಲೆ ಹಾಡಿದವರು ಹೆಸರು ಹೇಳುವುದು ಆಗಿನ ರೂಢಿ. ನಗುತ್ತ ಹೇಳಿತು ಆ ಹುಡುಗಿ: “ನಾನು ಪುತಳಾಬಾಯಿ, ಕಮಲಾಪುರದಾಕಿ!”

ಊರು ಹೇಳೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲಾದರೂ ಅವ್ವನ ಕಿವಿಗೆ ಬಿದ್ದೀತು ಎಂದು ಶಂಕ್ರಮ್ಮ ಅಂದು ತಾನೇ ಸೇರಿಸಿದ್ದಳು. ಅವ್ವ ಇಂಥ ಪೆಟ್ಟಿಗೆಯನ್ನೇ ಕಾಣದೆ ಸತ್ತಳು.

“ಊರ ಹೆಸರು ಬ್ಯಾರೆ ಕೇಡು!” ಎಂದಳು ನೀಲಗಂಗಮ್ಮ. “ಹೆತ್ತವರ ಮಾನಾ ಪೆಟಗ್ಯಾಗ ತುಂಬಿ ಮಾರ್ಯಾಳ. ಯಾರ ಮಗಳ್ರಿ ಆಕಿ?”

“ನಮಗ ಗೊತ್ತಿಲ್ರಿ,” ದೌಲಪ್ಪ ಬೆವರಿದ. “ದೊಡ್ಡೂರು ನೋಡ್ರಿ...”

“ಕಮಲಾಪುರ ದೊಡ್ಡೂರಾ?” ಜಗದೇವಪ್ಪ ನಕ್ಕ.

ನೀಲಗಂಗಮ್ಮ ವ್ರತವನ್ನು ಮರೆತು ಇತ್ತ ತಿರುಗಿದಳು. “ನಿಮ್ಮೂರಾಕಿ ಅಂತ ತಾನೇ ಹೇಳ್ಯಾಳ. ನಿನಗರ ಗೊತ್ತೇನವ್ವ?”

ಶಂಕ್ರಮ್ಮನ ತುಟಿ ತೆರೆಯಿತು. ಗೊತ್ತದ, ಛಲೋ ಹಾಡ್ತಿದ್ಲು. ಇಷ್ಟೇ ಹೇಳಬೇಕೆನ್ನಿಸಿತ್ತು.

“ಅಕಿ ಮಾತಾಡಂಗಿಲ್ರಿ!” ದೌಲಪ್ಪ ಹೆಚ್ಚುಕಡಿಮೆ ಕೂಗಿಬಿಟ್ಟ. “ಬರೇ ಶ್ರಾವಣಕ್ಕಲ್ರಿ... ಜೀವ ಇರೋತನಕ ಹಿಡಿದಾಳ.”

ನೀಲಗಂಗಮ್ಮ ಸೆರಗು ತಲೆಮೇಲೆಳೆದುಕೊಂಡು ಎದ್ದು ಬಂದಳು. ತನಗಿಂತ ಎಷ್ಟೋ ಕಿರಿಯಳ ಕಾಲು ಮುಟ್ಟಿದಳು. “ಇಂಥಾಕಿ ಇರೋ ಮನಿ ಹುಡುಗಿ ಅಂದಮ್ಯಾಲ ನೋಡೋದೇನದ? ಸಕ್ರಿ ತರ್ರೇ.”

ತಿರುಗಿ ಬರುವಾಗ ಗಾಡಿಯ ಮಲ್ಕಪ್ಪ ಅವಳ ಕೆಳಗೆ ಹುಲ್ಲು ಎತ್ತರವಾಗಿ ಹಾಕಿದ. ಜಗಲಿಯ ಮೇಲೆ ಕೂತು ಎಲ್ಲ ಕೇಳಿದ್ದನಲ್ಲ. ಊರು ಹಿಂದೆ ಬಿದ್ದಮೇಲೆ ಶಂಕ್ರಮ್ಮ ತಮ್ಮನ ತೋಳು ಹಿಡಿದಳು. ದೌಲಪ್ಪ ಮಲ್ಕಪ್ಪನ ಬೆನ್ನು ತೋರಿಸಿ, ಕೈಮುಗಿದು, ಕಿವಿಯಲ್ಲಿ ಉಸುರಿದ: “ಬಾಯಿ ತಪ್ಪಿ ಬಂತಕ್ಕಾ. ನಾಳೆ ಅದೇ ಮನ್ಯಾಗ ಬಾಳ್ವಿ ಮಾಡಬೇಕಾದಾಕಿ ಜಯದೇವಿ.” ಅವನ ಕಣ್ಣು ತುಂಬಿತ್ತು. ಅವಳು ತೋಳು ಬಿಟ್ಟಳು.

ಮಲ್ಕಪ್ಪ ಎತ್ತು ಬಿಚ್ಚುವುದರೊಳಗೆ ಸುದ್ದಿ ಓಣಿ ದಾಟಿತು.

ಜಯದೇವಿ ನೀರು ತಂದುಕೊಟ್ಟಳು, ಮುಖವೆಲ್ಲ ಹಿಗ್ಗು. ಕದ ಮುಂದಕ್ಕೆ ಮಾಡಿ, “ಹುಡುಗ ಹ್ಯಾಂಗದಾನತ್ತಿ?” ಎಂದಳು. ಶಂಕ್ರಮ್ಮ ಹೇಳಹೋದಳು. ಆ ಕಂಠಕ್ಕೆ ಪಿಸುಮಾತು ಬರುತ್ತಿರಲಿಲ್ಲ. ಬಂದರೆ ಕರ್ಕಶವಾಗಿ ಓಣಿಗೆಲ್ಲ ಕೇಳುವಂತೆ ಬರುತ್ತಿತ್ತು. ಮೊದಲ ಅಕ್ಷರಕ್ಕೇ ಜಯದೇವಿ ಗಾಬರಿಯಾಗಿ ಅತ್ತೆಯ ಬಾಯಿಗೆ ಕೈ ಒತ್ತಿದಳು. “ಬ್ಯಾಡತ್ತಿ. ಹೊರಗ ಮಂದಿ ಅದಾರ.” ಕೈ ಮೆತ್ತಗಿತ್ತು, ಹಿಟ್ಟಿನ ವಾಸನೆ ಬರುತ್ತಿತ್ತು. ಬೇಗ ತೆಗೆಯಲೇ ಇಲ್ಲ.

ಮರುದಿನ ಹೆಂಗಸರು ಕಾಯಿ ಹಿಡಿದುಕೊಂಡು ಬಂದರು. ಕೂಡ ಆಡಿ ಬೆಳೆದ ರೇವಮ್ಮನೂ ಬಂದಳು, ಕೂದಲೆಲ್ಲ ಬೆಳ್ಳಗಾಗಿತ್ತು. ಕಾಲು ಮುಟ್ಟಿದಳು. ಕುಡುಕ ಗಂಡ, ಸತ್ತ ಕೂಸು, ಏನಂದರೂ ಎದುರಾಡುವ ಮಗ, ಎಲ್ಲ ಹೇಳಿಕೊಂಡು ಅತ್ತಳು. ಯಾರಿಗೂ ಹೇಳಲಾರದವಳ ಮುಂದೆ ಹೇಳುವುದು ಸುಲಭವಲ್ಲವೆ?

“ಮನಸು ಹಗುರಾತವ್ವ,” ಎಂದು ಮೂಗೊರೆಸಿಕೊಂಡು ಎದ್ದಳು. ನೀ ಹ್ಯಾಂಗದಿ ಎಂದು ಕೇಳಲಿಲ್ಲ. ಹೊಸ್ತಿಲಾಚೆ ಇನ್ನೊಬ್ಬಳು ಆಗಲೇ ಚಪ್ಪಲಿ ಬಿಡುತ್ತಿದ್ದಳು.