ಖಾಲಿ ಗುಂಡಿಯೂ ಬದುಕಿದೆಯಂತೆ

ಮಕ್ಕಳ ಹುಳುಕುಹಲ್ಲು ತುಂಬುವ ಹೊಸ ಲೇಪ ಬಂದಿತ್ತು. ಅದರಲ್ಲಿ ಬೆರೆಸಿದ್ದು ಕಣ್ಣಿಗೆ ಕಾಣದಷ್ಟು ಸಪೂರ ಕಾರ್ಬನ್ ನಳಿಕೆಗಳ ಕಪ್ಪು ಪುಡಿ. ಅದರಿಂದ ಅಪಾಯವಿಲ್ಲ ಎಂದು ಸಹಿ ಹಾಕಬೇಕಾದವಳು ಲ್ಯಾಬಿನ ಕಿರಿಯ ಸಂಶೋಧಕಿ. ಯಜಮಾನಿ ಅವಳ ದೊಡ್ಡಮ್ಮನೇ.

ಉದುರಿದ ಹಾಲುಹಲ್ಲಿನಿಂದ ಬೆಳೆಸಿದ ಕಾಂಡಕೋಶಗಳ ಮೇಲೆ ಪುಡಿ ಉದುರಿಸಿ, ಆಮೇಲೆ ಬಣ್ಣದ ದ್ರವ ಬಿಡಬೇಕು. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ತಟ್ಟೆಯಲ್ಲಿರುವ ಪುಟ್ಟ ಗುಂಡಿಗಳ ಬಣ್ಣ ಗಾಢವಾದಷ್ಟೂ ಜೀವ ಹೆಚ್ಚು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಈ ಸಲ ಯಂತ್ರ ಭೇಷ್ ಎಂದಿತ್ತು. ಆದರೆ ಸೂಕ್ಷ್ಮದರ್ಶಕದಲ್ಲಿ ಕೋಶಗಳು ಮುದುರಿಕೊಂಡು, ತಳ ಬಿಟ್ಟು ತೇಲುತ್ತಿದ್ದವು.

"ಸೈನ್ ಹಾಕಮ್ಮ, ಕಂಪನಿ ಮ್ಯಾನೇಜರ್ ಬಂದು ಕೂತಿದ್ದಾರೆ," ಎಂದರು ದೊಡ್ಡಮ್ಮ.

"ಹಾಕಲ್ಲ."

"ಮಷೀನಿಗಿಂತ ನೀನು ಹೆಚ್ಚಾ?"

"ನಂಗೆ ಕಣ್ಣಿದೆ, ದೊಡ್ಡಮ್ಮ."

"ಬಾಯಂತೂ ಇದೆ. ಥೇಟ್ ನಿಮ್ಮಮ್ಮಂದೇ!"

ಹುಡುಗಿ ಮ್ಯಾನೇಜರನ್ನೂ ಒಳಗೆ ಕರೆದಳು. ಹೊಸ ತಟ್ಟೆ ತೆಗೆದಳು, ಕೋಶಗಳ ಡಬ್ಬಿಯನ್ನು ಮುಟ್ಟಲೇ ಇಲ್ಲ. ಬರೀ ನೀರು, ಬರೀ ಪುಡಿ. ಯಂತ್ರದೊಳಗೆ ತಳ್ಳಿ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಮೂಡಿತು: ಎಂಬತ್ತೆಂಟು ಪರ್ಸೆಂಟ್ ಜೀವಂತ.

ಮ್ಯಾನೇಜರ್ ಹಲ್ಲು ಕಿರಿದ. "ನೋಡಿದ್ರಾ ಮೇಡಂ, ನಮ್ ಮಾಲು ಅಂದ್ರೆ ಮಾಲು!"

"ಸಾರ್, ಇದ್ರಲ್ಲಿ ಕೋಶನೇ ಇಲ್ಲ. ನಿಮ್ ಪುಡಿ ಕಪ್ಪಗಿದೆ, ಮಷೀನು ಅದನ್ನೇ ಜೀವ ಅನ್ಕೊಂಡಿದೆ."

ಅವನ ಮುಖ ಹುಳ್ಳಗಾಯಿತು. "ಎಲ್ಲಾ ಕಡೆ ಹಿಂಗೇ ನೋಡೋದು. ಮೇಡಂ, ನಿಮ್ ಸೈನೇ ಸಾಕು, ಕೊಟ್ಬಿಡಿ."

ದೊಡ್ಡಮ್ಮ ಪೆನ್ನು ತೆಗೆದರು. ಹುಡುಗಿ ಅಡ್ಡ ನಿಂತಳು.

"ಹಾಕಿ. ಆದ್ರೆ ಇಲ್ಲಿ ಕಣ್ಣಿಟ್ಟು ನೋಡಿ ಹಾಕಿ. ನನ್ನನ್ನ ಕೆಲಸದಿಂದ ತೆಗೆಯೋದಿದ್ರೆ ಆಮೇಲೆ ತೆಗೀರಿ."

ದೊಡ್ಡಮ್ಮ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದರು. ಮೊದಲ ತಟ್ಟೆಯಲ್ಲಿ ಮುದುರಿ ತೇಲುತ್ತಿದ್ದ ಕೋಶಗಳನ್ನು ನೋಡಿದರು. ಎದ್ದವರು ಪೆನ್ನಿನ ಮುಚ್ಚಳ ಹಾಕಿದರು.

"ಮಾನ ಕಳೆದೆಯಲ್ಲೇ," ಎಂದು ಗೊಣಗಿ, ಅವನತ್ತ ತಿರುಗಿದರು. "ಬೇರೆ ವಿಧಾನದಲ್ಲಿ ಮೊದಲಿಂದ ನೋಡ್ತೀವಿ. ಇವತ್ತು ಯಾರ ಸೈನೂ ಇಲ್ಲ."

"ಬೇರೆ ಲ್ಯಾಬಿಗೆ ಕೊಡ್ತೀವಿ ಬಿಡಿ!"

"ಧಾರಾಳವಾಗಿ ಕೊಡಿ," ಎಂದಳು ಹುಡುಗಿ. "ಈ ಖಾಲಿ ತಟ್ಟೆ ನಿಮಗಿಂತ ಮುಂಚೆ ಅಲ್ಲಿರತ್ತೆ."

ಬಾಯಿ ಮುಚ್ಚು ಎಂದು ಗದರಬೇಕಿದ್ದ ದೊಡ್ಡಮ್ಮ ಆಗಲೇ ಹೊಸ ಗ್ಲೌಸ್ ಎಳೆದುಕೊಳ್ಳುತ್ತಿದ್ದರು.