ಸೋದರಮಾವನ ಮೂಗು

ಲ್ಯಾಪ್‌ಟಾಪಿನ ಪರದೆಯ ತುಂಬ ಒಂದೇ ಒಂದು ಮೂಗು. ಸುಗನ್ಯಾ ಅದರ ಎಡಗಡೆಯ ನೆರಳು ತಿದ್ದುತ್ತಿದ್ದಳು. ಅಪ್ಪನ ಹೆಜ್ಜೆ ಸದ್ದಾದದ್ದೇ ತಡ, ಚಿತ್ರವನ್ನು ಸರಕ್ಕನೆ ಜರುಗಿಸಿ ಅಜ್ಜಿಯ ಮುಖವನ್ನು ಮುಂದೆ ತಂದಳು.

“ಇನ್ನೂ ಆಗ್ಲಿಲ್ವಾ ಮಗಳೇ? ನಾಲ್ಕು ಗಂಟೆಗೆ ಹೆಣ ಎತ್ತಬೇಕು,” ಎಂದ ಸೆಂದಿಲ್ ಕುಮಾರ್ ಬಾಗಿಲಲ್ಲೇ ನಿಂತು. “ಶ್ರದ್ಧಾಂಜಲಿ ಫ್ಲೆಕ್ಸಿಗೆ ಅಜ್ಜಿ ಮುಖ ಒಂದೇ ಸಾಕು. ಪಕ್ಕದಲ್ಲಿರೋದನ್ನ ಕತ್ತರ್ಸಿ ಬಿಸಾಕು.”

ಪಕ್ಕದಲ್ಲಿರುವುದು! ಮೂವತ್ತು ವರ್ಷದಿಂದ ಅವನ ಬಾಯಲ್ಲಿ ಆ ಮನುಷ್ಯನಿಗೆ ಹೆಸರಿಲ್ಲ. ಹೆಸರು ಸೆಲ್ಲಪ್ಪನ್. ಹಜಾರದಲ್ಲಿ ಬೆಂಚಿನ ಮೇಲೆ ಹೆಣವಾಗಿ ಮಲಗಿರುವ ರಾಮಾತಾಳ್ ಅಜ್ಜಿಯ ಒಬ್ಬನೇ ತಮ್ಮ, ಸೆಂದಿಲ್ ಕುಮಾರನ ಸೋದರಮಾವ. ಸೋದರಮಾವನ ಮಗಳ ಮೇಲೆ ಅಳಿಯನಿಗೆ ಹಕ್ಕು ಎಂದು ನಂಬಿಕೊಂಡಿದ್ದ ಸೆಂದಿಲನಿಗೆ ಆ ಮಗಳನ್ನು ಕೊಡದೆ, ಅವಳು ಇಷ್ಟಪಟ್ಟ ಹುಡುಗನಿಗೆ ಕೊಟ್ಟದ್ದು ಸೆಲ್ಲಪ್ಪನ್ ಮಾಡಿದ ತಪ್ಪು.

ಸಿರುಮುಗೈಯ ನೇಕಾರರ ಬೀದಿಯಲ್ಲಿ ಅಂದು ಒಂದು ಮಗ್ಗವೂ ಸದ್ದು ಮಾಡಿರಲಿಲ್ಲ. ಹಜಾರದಲ್ಲಿ ಪಕ್ಕದ ಮನೆಯ ಕುಪ್ಪಮ್ಮ ಯಾರಿಗೋ ಹೇಳುತ್ತಿದ್ದಳು: “ಹೆತ್ತ ಹಸಿ ಮೈಯಲ್ಲೇ ಮಗ್ಗದ ಗುಣಿಗೆ ಇಳಿದವ್ಳು ಇವ್ಳು. ಕೂಸು ತೊಟ್ಟಿಲಲ್ಲಿ, ತೊಟ್ಟಿಲ ಹಗ್ಗ ಇವ್ಳ ಕಾಲ್ಬೆರಳಲ್ಲಿ. ಈ ಬೀದಿ ಅರ್ಧ ಮದುವೆಗೆ ಇವ್ಳ ಕೈ ಸೀರೆನೇ.” ಆಮೇಲೆ ದನಿ ಎತ್ತರಿಸಿದಳು. “ಅಲ್ಲಪ್ಪಾ ಸೆಂದಿಲು, ಹುಟ್ಟಿದ ಮನೆ ಕೋಡಿ ಎಲ್ಲಿ? ಹೊತ್ತಾಗೋಯ್ತು.”

ಮಕ್ಕಳು ಮೊಮ್ಮಕ್ಕಳು ಎಷ್ಟೇ ಇರಲಿ, ತವರಿನವರು ತಂದ ಹೊಸ ಸೀರೆ, ಅದೇ ಕೋಡಿ, ಮೈಮೇಲೆ ಬೀಳದೆ ಹೆಣ್ಣನ್ನು ಎತ್ತುವ ಪದ್ಧತಿ ಆ ಬೀದಿಯಲ್ಲಿಲ್ಲ.

“ನಾನೇ ತಂದಿದೀನಿ, ಅದನ್ನೇ ಹೊದಿಸೋದು,” ಎಂದ ಸೆಂದಿಲ್.

“ಮಗ ತಂದದ್ದು ಕೋಡಿ ಆಗ್ತದಾ? ದಿಕ್ಕಿಲ್ಲದವ್ಳ ಹಂಗೆ ಕಳಿಸ್ತೀಯಾ ನಿಮ್ಮಮ್ಮನ್ನ?”

ಅವನು ಸರ್ರನೆ ಹೊರಗೆ ಹೋದ. ಆಗ ಸುಗನ್ಯಾಳ ತಾಯಿ ಮಲ್ಲಿಗಾ ಮೆಲ್ಲಗೆ ಒಳಗೆ ಬಂದಳು. ಸೆಲ್ಲಪ್ಪನ್ ಮಗಳನ್ನು ಕೊಟ್ಟಿದ್ದರೆ ಈ ಮನೆ ತನ್ನದಾಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತು. ಹಾಗಾಗಿ ಎಂದೂ ಕಾಣದ ಆ ಮುದುಕನ ಮೇಲೆ ಅವಳಿಗೆ ಒಳಗೊಳಗೇ ಒಂದು ವಿಶ್ವಾಸ.

“ನಿಮ್ಮಜ್ಜಿ ತಮ್ಮ ಕಿಣತ್ತುಕಡವು ಊರಿಂದ ಬಂದವ್ರೆ,” ಎಂದು ಪಿಸುಗುಟ್ಟಿದಳು. “ನಾನೇ ಫೋನ್ ಮಾಡಿಸ್ದೆ. ಬೀದಿ ಕೊನೇಲಿ ಟೀ ಅಂಗಡೀಲಿ ಕೂತವ್ರೆ, ಮಡಿಲಲ್ಲಿ ಸೀರೆ. ಕರೆದ್ರೆ ಬರೋದಿಲ್ಲ. ‘ಫೋಟೋದಲ್ಲಿ ಅಕ್ಕನೇ ಕೆರೆದು ಹಾಕಿದ ಮುಖ ಇದು, ಇದನ್ನ ಹೊತ್ಕೊಂಡು ಅವಳ ಮುಂದೆ ಹೆಂಗೆ ನಿಲ್ಲಲಿ’ ಅಂತಾರೆ.”

ಕೆರೆದವರು ಯಾರೆಂದು ಈಗ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತು: ಅಪ್ಪನಿಗೆ, ಮತ್ತು ಸುಗನ್ಯಾಳಿಗೆ.

* * *

ಹೋದ ತಿಂಗಳು ಅಜ್ಜಿ ಒಬ್ಬಳೇ ಬಸ್ ಹತ್ತಿ ಕುರಿಚಿಗೆ ಬಂದಿದ್ದಳು. ಅಲ್ಲಿನ ಸ್ಟುಡಿಯೋದಲ್ಲಿ ಸುಗನ್ಯಾಳ ಕೆಲಸವೆಂದರೆ ಗೆದ್ದಲು ತಿಂದ, ನೀರು ಕುಡಿದ ಹಳೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ರಿಪೇರಿ ಮಾಡುವುದು. ಅಜ್ಜಿ ಸೆರಗಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಮದುವೆಗೆ ಮುಂಚೆ ಮೆಟ್ಟುಪಾಳ್ಯಂನಲ್ಲಿ ತೆಗೆಸಿದ್ದು. ಕುರ್ಚಿಯಲ್ಲಿ ಅವಳು, ಪಕ್ಕದಲ್ಲಿ ನಿಂತ ತಮ್ಮ. ತಮ್ಮನ ಮುಖವಿರಬೇಕಾದಲ್ಲಿ ಸೂಜಿಯಿಂದ ಕೆರೆದ ಬಿಳೀ ಗಾಯ.

“ಇವನ ಮುಖ ತರಿಸ್ತೀಯಾ?”

“ಏನೂ ಉಳಿದಿಲ್ವಲ್ಲ ಅಜ್ಜಿ. ಅವರ ಆ ವಯಸ್ಸಿನ ಬೇರೆ ಫೋಟೋ ಬೇಕು.”

“ಎಲ್ಲೈತೆ? ನಿಮ್ಮಪ್ಪನ ಕಾಲೇಜು ಫೋಟೋ ಐತಲ್ಲ, ಅದರಿಂದ ತೆಗಿ. ಸೋದರಮಾವನ ಅಚ್ಚು ಅವನು.” ಅಜ್ಜಿ ಆ ಬಿಳೀ ಗಾಯದ ಮೇಲೆ ಬೆರಳಿಟ್ಟು ಹೇಳಿದಳು, “ಕೆರೆದವನೇ ಕೊಡಲಿ.”

ಸುಗನ್ಯಾ ಮೌಸ್ ಬಿಟ್ಟು ಅವಳನ್ನೇ ನೋಡಿದಳು. “ನೀವೇ ಕೆರೆದ್ರಿ ಅಂತ ಎಲ್ರೂ...”

“ನಾನೇ ಅಂತ ಹೇಳ್ದೆ. ಸೋದರಮಾವನ ಮುಖ ಕೆರೆಯೋ ಒರಟನಿಗೆ ಯಾರು ಹೆಣ್ಣು ಕೊಡ್ತಾರೆ? ನಿಮ್ಮಮ್ಮ ಬರ್ತಿದ್ಳಾ? ನಿಮ್ಮಪ್ಪನ ಮದುವೆಗೆ ಅಂತ ನನ್ನ ತಮ್ಮ ಬಂದ. ಗೋಡೆ ಮೇಲೆ ಈ ಫೋಟೋನ ನೋಡಿ ಹೊಸಿಲಲ್ಲೇ ತಿರುಗಿಕೊಂಡು ಹೋದ. ನಾನು ಕೂಗಲಿಲ್ಲ ಮಗಾ. ಕೂಗಿದ್ರೆ ಮಗ ಹೋಗ್ತಾನೆ, ಕೂಗದಿದ್ರೆ ತಮ್ಮ.”

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎನ್ನುತ್ತಾರೆ. ಅಜ್ಜಿ ಆ ಮೂಗನ್ನೇ ಕೇಳಿಕೊಂಡು ಎರಡು ಬಸ್ ಬದಲಾಯಿಸಿ ಬಂದಿದ್ದಳು. ಮುಖ ಮೂಡಿದ ಮೇಲೆ ಪರದೆಗೆ ಕಣ್ಣು ತಾಗಿಸಿ ನೋಡಿ, “ಮೂಗು ಇನ್ನೂ ಕೊಂಚ ದಪ್ಪ,” ಎಂದಿದ್ದಳು.

* * *

ಫೋನು ಅರಚಿತು. ಫ್ಲೆಕ್ಸ್ ಅಂಗಡಿಯವನು. “ಅಕ್ಕಾ, ಫೋಟೋ ಎಂಗೆ? ಸೀಕ್ರಮ್ ಅನುಪ್ಪುಂಗ!” ಬೇಗ ಕಳಿಸಿ ಎಂದು ತಮಿಳಿನಲ್ಲಿ ಅವನ ಅವಸರ.

ಕತ್ತರಿಸಿದ ಫೋಟೋ ಒಂದು, ಇಡಿಯದು ಒಂದು, ಎರಡೂ ಪರದೆಯ ಮೇಲಿದ್ದವು. ಇಡಿಯದನ್ನು ಕಳಿಸಿದರೆ ಅಪ್ಪ ಈ ಜನರೆದುರು ಏನು ಮಾಡಿಯಾನು? ಹೆಣದ ಮನೆಯಲ್ಲಿ ಜಗಳವಾದರೆ ಆಡಿಕೊಳ್ಳುವವರಿಗೇನು ಬರವೇ? ಆದರೆ ಅಜ್ಜಿ ಹೊಸಿಲು ದಾಟುವುದು ಒಂದೇ ಸಲ. ಸುಗನ್ಯಾ ಮೂಗನ್ನು ಇನ್ನೊಂದಿಷ್ಟು ದಪ್ಪ ಮಾಡಿ, ಇಡಿಯದನ್ನೇ ಕಳಿಸಿದಳು.

ಮೂರೂವರೆಗೆ ಬೀದಿಯ ಬಾಯಲ್ಲಿ ಫ್ಲೆಕ್ಸ್ ಏರಿತು. ಟೀ ಅಂಗಡಿಗೆ ನೇರ ಎದುರು. ತಮಟೆಯವರು ಬಾರಿಸುವುದನ್ನು ನಿಲ್ಲಿಸಿ ಅತ್ತ ನೋಡಿದರು. ಸೆಂದಿಲ್ ಕುಮಾರ್ ನೋಡಿದ. ಬಿರಬಿರನೆ ಬಂದು ಮಗಳ ರಟ್ಟೆ ಹಿಡಿದ.

“ಯಾರ ಕೇಳಿ ಹಾಕ್ಸಿದೆ ಅದನ್ನ?”

“ಅಜ್ಜಿನ ಕೇಳಿ.”

ಕೈ ಎತ್ತಿಯೇಬಿಟ್ಟಿದ್ದ. ಅಷ್ಟರಲ್ಲಿ ಹೊಸಿಲಾಚೆ ಯಾರೋ ಕೆಮ್ಮಿದರು. ಕೃಶವಾದ ಮುದುಕ, ಎದೆಗೆ ಅವಚಿಕೊಂಡ ಕೆಂಪು ಸೀರೆ. ಸೆಂದಿಲ್ ಮಗಳನ್ನು ಬಿಟ್ಟು ಬಾಗಿಲಿಗೆ ಅಡ್ಡ ನಿಂತ.

ಸೆಲ್ಲಪ್ಪನ್ ಒಳಗೆ ಬರಲಿಲ್ಲ. ಫ್ಲೆಕ್ಸಿನತ್ತ ಕೈ ತೋರಿಸಿ ಕೇಳಿದ: “ಅಕ್ಕನ ಪಕ್ಕ ನಿಂತಿರೋ ಹುಡುಗ ಯಾರು? ನಾನಲ್ಲ ಅದು. ಅಂಗಿ ನಂದು, ನಿಂತ ನಿಲುವು ನಂದು. ಮುಖ ಸೆಂದಿಲ್ದು.”

ಸೆಂದಿಲ್ ತಿರುಗಿ ಮತ್ತೊಮ್ಮೆ ಫ್ಲೆಕ್ಸನ್ನು ನೋಡಿದ. ಈ ಸಲ ಬಹಳ ಹೊತ್ತು ನೋಡಿದ.

“ಅಜ್ಜಿನೇ ಹೇಳಿ ಮಾಡ್ಸಿದ್ದು ತಾತ,” ಎಂದಳು ಸುಗನ್ಯಾ. “ನಿಮ್ಮ ಮುಖ ಕೆರೆದದ್ದು ಅಜ್ಜಿ ಅಲ್ಲ.”

“ಮತ್ತೆ?”

ಕುಪ್ಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸುಗನ್ಯಾ ಅಪ್ಪನ ಕಡೆ ನೋಡಬಾರದೆಂದುಕೊಂಡಳು. ಆದರೂ ನೋಡಿದಳು.

ಸೆಂದಿಲ್ ಕುಮಾರ್ ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ಒಬ್ಬರು ನುಸುಳುವಷ್ಟು ಜಾಗ ಬಿಟ್ಟ. ಸೆಲ್ಲಪ್ಪನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಳಗೆ ಬಂದು ಅಕ್ಕನ ತಲೆಯ ಬಳಿ ನಿಂತು ಸೀರೆಯ ಮಡಿಕೆ ಬಿಚ್ಚಿದ.

ಒಬ್ಬರ ಕೈಗೆ ಆಗುವ ಕೆಲಸವಲ್ಲ ಅದು. ಹೊಸ ಸೀರೆ ಜಾರಿತು, ಸೆರಗು ನೆಲದ ಕಡೆ ಇಳಿಯಿತು.

ನೆಲಕ್ಕೆ ತಾಗುವ ಮುನ್ನ ಸೆಂದಿಲ್ ಅದನ್ನು ಹಿಡಿದಿದ್ದ. ಮಗ್ಗದಿಂದ ಇಳಿಸಿದ ಸೀರೆ ನೆಲ ಮುಟ್ಟಬಾರದೆಂದು ಚಡ್ಡಿ ಹಾಕುವ ವಯಸ್ಸಿನಲ್ಲೇ ಕಲಿತ ಕೈ ಅದು. ಕಲಿಸಿದವನು ಎದುರು ತುದಿಯಲ್ಲಿ ನಿಂತಿದ್ದ.

“ಬಿಗಿ ಹಿಡಿ,” ಎಂದ ಸೆಲ್ಲಪ್ಪನ್.

ಸೆಂದಿಲ್ ಅಮ್ಮನ ಕಾಲ ಬಳಿ ಸರಿದು ಎರಡು ಮೂಲೆಯನ್ನೂ ಬಿಗಿಯಾಗಿ ಹಿಡಿದ. ರಾಮಾತಾಳ್ ಮೇಲೆ ಕೆಂಪು ಸೀರೆ ಒಂದೂ ಸುಕ್ಕಿಲ್ಲದೆ ಹರಡಿ ನಿಂತಿತು. ಬೀದಿಯಲ್ಲಿ ತಮಟೆ ಮತ್ತೆ ಶುರುವಾಯಿತು. ಹೊತ್ತಾಯ್ತು, ಇಳಿಸಿ ಎಂದು ಕುಪ್ಪಮ್ಮ ಎರಡು ಸಲ ಹೇಳಿದಳು. ಅಳಿಯನೂ ಮಾವನೂ ತಮ್ಮ ತಮ್ಮ ತುದಿ ಹಿಡಿದುಕೊಂಡು ಹಾಗೇ ನಿಂತಿದ್ದರು.