ಲೋಟದ ನೀರಿನಷ್ಟು ಮೌನ

ಬಾನುಲಿ ನಿಲಯದಲ್ಲಿ ಆಕೆಯ ಉದ್ಘೋಷಕಿ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇನ್ನೊಂದು ತಪ್ಪಾದರೆ ಆಗುವುದೂ ಇಲ್ಲ ಎಂದು ನಿರ್ದೇಶಕರು ಸೌಜನ್ಯದಿಂದಲೇ ತಿಳಿಸಿದ್ದರು.

ಮೊದಲ ತಪ್ಪು ನಡೆದದ್ದು ಹಿಂದಿನ ವಾರ. ಭಾಷಣಕ್ಕೆ ಬಂದಿದ್ದ ವೈದ್ಯರು ನಡುವೆ ಒಂದು ಹಾಳೆ ಕಳೆದುಕೊಂಡರು. ಅವರು ಮೇಜಿನಡಿ ಬಗ್ಗಿ ಹುಡುಕುತ್ತಿದ್ದಷ್ಟು ಹೊತ್ತೂ ಆಕೆ ಭಾಷಣದ ಕೋಣೆಯ ಗಾಜಿನ ಈಚೆ 'ಅಯ್ಯೋ ಪಾಪ' ಎಂದು ನೋಡುತ್ತ ಕೂತಳು. ಊರಿನಲ್ಲಿ ರೇಡಿಯೊ ಇದ್ದ ಮನೆಗಳೇ ಕಡಿಮೆ. ಇದ್ದವರೆಲ್ಲ ತಮ್ಮ ಪೆಟ್ಟಿಗೆ ಕೆಟ್ಟಿತೆಂದುಕೊಂಡರು. ಒಬ್ಬ ಜವಳಿ ವ್ಯಾಪಾರಿ ಅದರ ನೆತ್ತಿಗೆ ಗುದ್ದಿ ಗುದ್ದಿ ನಿಜವಾಗಿಯೂ ಕೆಡಿಸಿ, ಮರುದಿನ ಹೊತ್ತುಕೊಂಡು ನಿಲಯಕ್ಕೇ ಬಂದ.

ಆಗ ನಿರ್ದೇಶಕರು ನಿಯಮ ಮಾಡಿದರು. ಉದ್ಘೋಷಕಿಯ ಮೇಜಿನ ಮೇಲೆ ಸದಾ ಒಂದು ಲೋಟ ನೀರಿರುತ್ತಿತ್ತು. "ಸದ್ದು ನಿಂತ ಕೂಡಲೇ ನಿಧಾನವಾಗಿ ಕುಡಿಯಲು ಶುರು ಮಾಡಿ. ಲೋಟ ಬರಿದಾದರೂ ಸದ್ದಿಲ್ಲದಿದ್ದರೆ ಗ್ರಾಮಫೋನ್ ರೆಕಾರ್ಡ್ ಹಾಕಿಸಿ. ಗಾಬರಿಯೂ ಬೇಡ, ದಾಕ್ಷಿಣ್ಯವೂ ಬೇಡ."

ಆ ಸಂಜೆ ಮೊದಲು ಭಾಷಣ, ಆಮೇಲೆ ಪಿಟೀಲು. ಪಿಟೀಲು ನುಡಿಸಬೇಕಾದವರು ಆಕೆಯ ಸೋದರತ್ತೆ. ತಾಯಿಯಿಲ್ಲದ ಆಕೆಯನ್ನು ಸಾಕಿದವರೂ ಅವರೇ, ಪಿಟೀಲು ಹಿಡಿಯಲು ಕಲಿಸಿ, 'ನಿನ್ನ ಕೈಗಿಂತ ಬಾಯಿ ಚುರುಕು' ಎಂದು ಬಿಡಿಸಿದವರೂ ಅವರೇ. ಕೇಳುವವರಿಲ್ಲದ ಕೋಣೆಯಲ್ಲಿ ಗೋಡೆಗೆ ನುಡಿಸೋಲ್ಲ ಎಂದು ಹಟ ಹಿಡಿದಿದ್ದವರನ್ನು ಈ ಸೋದರಸೊಸೆಯೇ ಕಾಡಿ ಬೇಡಿ ಒಪ್ಪಿಸಿದ್ದಳು.

ಕಾಯುವ ಕೋಣೆಯಲ್ಲಿ ಅತ್ತೆ ಕುದುರೆ ಬಾಲದ ಕೂದಲಿನ ಕಮಾನಿಗೆ ರಾಳ ಉಜ್ಜುತ್ತಿದ್ದರು.

"ಅತ್ತೆ, ಕೊನೇಲಿ ನಿಲ್ಲಿಸ್ತೀರಲ್ಲ, ಅದನ್ನ ಇವತ್ತು ಸ್ವಲ್ಪ ಚಿಕ್ಕದು ಮಾಡ್ತೀರಾ?"

"ಸೀರೆನಾ ಅದು, ಮಡಚೋಕೆ?"

ಅತ್ತೆಯ ಆ ನಿಲುಗಡೆ ಹೆಸರಾದದ್ದು. ನಿಧಾನದ ಭಾಗ ಮುಗಿಯುವಾಗ ಕಮಾನು ಮೇಲೆತ್ತಿ, ಕಣ್ಣು ಮುಚ್ಚಿ, ಸುಮ್ಮನಾಗುತ್ತಿದ್ದರು. ಆಮೇಲೆ ಮೊದಲ ಸ್ವರಗಳಿಗೆ ಮರಳುತ್ತಿದ್ದರು.

"ಎಷ್ಟು ಹೊತ್ತು ಅಂತ ನನಗೂ ಗೊತ್ತಿಲ್ಲ ಕಣೇ. ಜನ ಉಸಿರು ಹಿಡೀತಾರೆ. ಅವರು ಬಿಡೋಕೆ ಮುಂಚೆ ನಾನು ಶುರು ಮಾಡ್ತೀನಿ. ಅದು ಕೇಳಿಸುತ್ತೆ."

ದೊಡ್ಡವರ ಮಾತು, ಇರಲಿ ಎಂದುಕೊಂಡು ಆಕೆ ಗಾಜಿನ ಕೋಣೆಗೆ ಹೋದಳು. ಅಲ್ಲಿ ಯಂತ್ರ ನೋಡಿಕೊಳ್ಳುವವನು ಗ್ರಾಮಫೋನಿಗೆ ಹೊಸ ಮುಳ್ಳು ಹಾಕುತ್ತಿದ್ದ. ಎಲ್ಲರೂ ಅವನನ್ನು ಮುಳ್ಳಣ್ಣ ಎನ್ನುತ್ತಿದ್ದರು.

"ಮುಳ್ಳಣ್ಣ, ಪಿಟೀಲು ಕೊನೇಲಿ ನಿಲ್ಲುತ್ತೆ. ಅದು ಸಂಗೀತಾನೇ. ರೆಕಾರ್ಡ್ ಹಾಕ್ಬಿಡಬೇಡಿ."

"ಸದ್ದಿಲ್ಲದ ಸಂಗೀತ! ನಮ್ಮ ಮನೇಲಿ ಜಗಳ ಆದ ಮೇಲೆ ದಿನಾ ಇದೇ."

ಕೆಂಪು ದೀಪ ಹತ್ತಿತು. ಗ್ರಹಗಳ ಬಗ್ಗೆ ಮಾತಾಡಲು ಬಂದಿದ್ದ ಶಾಲಾ ಮೇಷ್ಟ್ರು ಚೆನ್ನಾಗಿಯೇ ಶುರು ಮಾಡಿದರು. ಆದರೆ ಜೀವಮಾನದ ಅಭ್ಯಾಸ ಬಿಟ್ಟೀತೆ? "ಭೂಮಿ ತಿರುಗುವುದು ನಮಗೇಕೆ ತಿಳಿಯುವುದಿಲ್ಲ? ಹೇಳಿ ನೋಡೋಣ," ಎಂದು ಮೈಕಿನತ್ತ ಹುಬ್ಬೇರಿಸಿ ಉತ್ತರಕ್ಕೆ ಕಾದರು. ಆಕೆ ಲೋಟ ಎತ್ತಿದಳು. ಮೇಷ್ಟ್ರು ಕಾಯುತ್ತಲೇ ಇದ್ದರು. ಅರ್ಧ ನೀರು ಮುಗಿದಾಗ ಆಕೆ ಗಾಜಿಗೆ ಮೂಗು ತಾಗಿಸಿ, ಎಲ್ಲ ಗೊತ್ತಿದ್ದವಳಂತೆ ಜೋರಾಗಿ ತಲೆಯಾಡಿಸಿದಳು. "ಶಹಬ್ಬಾಸ್," ಎಂದು ಅವರು ಮುಂದುವರಿದರು. ಭಾಷಣ ಮುಗಿಯುವ ಹೊತ್ತಿಗೆ ಆಕೆಯ ಕತ್ತು ನೋಯುತ್ತಿತ್ತು, ಲೋಟಕ್ಕೆ ಮತ್ತೆ ನೀರು ತುಂಬಿಸಬೇಕಾಯಿತು.

ಮೇಷ್ಟ್ರು ಹೋದರು, ಅತ್ತೆ ಬಂದು ಕೂತರು. ಮಾರ್ದನಿ ಆಗದಂತೆ ಆ ಕೋಣೆಯ ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊಡೆದಿದ್ದರು. ಶ್ರುತಿ ನೋಡಲು ತಂತಿ ಮೀಟಿದ ಅತ್ತೆ, ಅದರ ನಾದ ಅಲ್ಲೇ ಸತ್ತದ್ದನ್ನು ಕೇಳಿ ಸುತ್ತಲೂ ನೋಡಿದರು. ಆದರೂ ನುಡಿಸತೊಡಗಿದ ಮೇಲೆ ಕೈ ತಾನಾಗಿ ಹರಿಯಿತು. ಮುಳ್ಳಣ್ಣ ಕೂಡ ಬೀಡಿ ಕಿವಿಗೆ ಸಿಕ್ಕಿಸಿ ಕೇಳಿದ.

ನಿಧಾನದ ಭಾಗ ಮುಗಿಯಿತು. ಕಮಾನು ಮೇಲೆದ್ದಿತು. ಅತ್ತೆ ಕಣ್ಣು ಮುಚ್ಚಿದರು.

ಆಕೆ ಲೋಟ ತುಟಿಗಿಟ್ಟಳು.

"ನೀನು ಹೇಳಿದ್ದು ಇದೇನಾ?" ಎಂದ ಮುಳ್ಳಣ್ಣ.

"ಇದೇ."

ಒಂದು ಗುಟುಕು. ಇನ್ನೊಂದು.

"ಇನ್ನೂ ಇದೇನಾ?"

"ಹೂಂ, ಇರಿ."

ಅತ್ತೆ ಕದಲಲಿಲ್ಲ. ಆದರೆ ಮೇಲೆತ್ತಿದ ಕಮಾನಿನ ತುದಿ ಸಣ್ಣಗೆ ನಡುಗುತ್ತಿತ್ತು. ಸಭೆಯಲ್ಲಿ ಅದು ನಡುಗಿದ್ದನ್ನು ಸೊಸೆ ಎಂದೂ ಕಂಡಿರಲಿಲ್ಲ. ಲೋಟದ ತಳ ಕಾಣುವಾಗ ಆಕೆಗೆ ಹೊಳೆಯಿತು: ಅತ್ತೆ ಜನರ ಉಸಿರು ಕೇಳಲು ಕಾಯುತ್ತಿದ್ದಾರೆ, ಆದರೆ ಆ ಕೋಣೆಯಲ್ಲಿ ಉಸಿರು ಹಿಡಿಯುವವರು ಯಾರೂ ಇಲ್ಲ. ತಲೆಯಾಡಿಸೋಣವೆಂದರೆ ಕಣ್ಣು ಮುಚ್ಚಿದ್ದಾರೆ.

ಮುಳ್ಳಣ್ಣ ತಿರುಗುವ ರೆಕಾರ್ಡಿನ ಮೇಲೆ ಮುಳ್ಳು ಹಿಡಿದು ನಿಂತಿದ್ದ. "ಹಾಕ್ಲಾ? ಹೇಳಮ್ಮ ತಾಯಿ, ಹಾಕ್ಲಾ?"

ಹಾಕು ಎಂದರೆ ಕೆಲಸ ಉಳಿಯುತ್ತದೆ. ಅತ್ತೆ ಕಣ್ಣು ತೆರೆದು ಕಮಾನು ಕೆಳಗಿಡುತ್ತಾರೆ. ಊರೆಲ್ಲ ಅಂದುಕೊಳ್ಳುತ್ತದೆ, ಮುದುಕಿ ಮರೆತಳು ಎಂದು.

"ಬೇಡ," ಎಂದು ಆಕೆ ಓಡಿದಳು.

ನುಡಿಸುವ ಕೋಣೆಯ ಬಾಗಿಲು ಭಾರದ್ದು. ಕೀಲು ಕಿರುಗುಟ್ಟಿದ್ದು ಮೈಕಿಗೆ ಕೇಳಿಸದಿರಲು ಸಾಧ್ಯವೇ ಇರಲಿಲ್ಲ. ಆಕೆ ಅತ್ತೆಯ ಎದುರು ನೆಲದ ಮೇಲೆ ಕುಸಿದು ಕೂತಳು. ಓಡಿ ಬಂದಿದ್ದರಿಂದ ಏದುಸಿರು ಬರುತ್ತಿತ್ತು. ಅದನ್ನು ಗಟ್ಟಿಯಾಗಿ ಹಿಡಿದಳು. ಎದೆ ಸಿಡಿಯುವಂತಾಯಿತು. ಇನ್ನೇನು ಬಿಡಬೇಕು, ಅಷ್ಟರಲ್ಲಿ ಕಮಾನು ತಂತಿಗೆ ಇಳಿಯಿತು.

ಕಾರ್ಯಕ್ರಮ ಮುಗಿದು ದೀಪ ಆರುವಷ್ಟರಲ್ಲಿ ಟೆಲಿಫೋನು ಬಡಿದುಕೊಳ್ಳುತ್ತಿತ್ತು. ನಿರ್ದೇಶಕರು ಮನೆಯಲ್ಲೇ ಕೇಳುತ್ತಿದ್ದರು.

"ಬಾಗಿಲು ತೆಗೆದದ್ದು ಯಾರು?"

"ನಾನು, ಸರ್."

"ಲೋಟ ಬರಿದಾಗಿತ್ತೆ?"

ಇಲ್ಲ ಎನ್ನಬಹುದಿತ್ತು. "ಆಗಿತ್ತು, ಸರ್."

"ಕೊನೆಯ ಭಾಗ ಚೆನ್ನಾಗಿತ್ತು. ನಮ್ಮ ಮನೆಯವಳು ಅತ್ತಳು. ಆದರೂ ನಾಳೆಯಿಂದ ಸಂಜೆಗೆ ಬೇರೆಯವರು ಕೂರುತ್ತಾರೆ. ಬೆಳಗಿನ ಪೇಟೆ ಧಾರಣೆ ಓದಲು ಒಬ್ಬರು ಬೇಕು. ಒಪ್ಪಿದರೆ ಅದನ್ನು ಕಾಯಂ ಮಾಡಬಹುದು."

ಪೇಟೆ ಧಾರಣೆ ಎಂದರೆ ಧಾನ್ಯ, ಎಣ್ಣೆ, ಹತ್ತಿ. ಸಂಗೀತ ಇರುವುದಿಲ್ಲ. ಆಕೆ ಒಪ್ಪಿದಳು.

ಹೊರಗೆ ಅತ್ತೆ ಪೆಟ್ಟಿಗೆ ಮುಚ್ಚಿ ಕಾಯುತ್ತಿದ್ದರು. ಮುಖದಲ್ಲಿ ಇನ್ನೂ ಬೆವರಿತ್ತು.

"ಕೆಲಸ ಹೋಯ್ತೇನೇ?"

"ಇದೆ. ಸಂಜೆ ಹೋಯ್ತು. ಮುಂದಿನ ಸಲ ನೀವು ಬಂದಾಗ ನಾನು ಗಾಜಿನ ಹಿಂದೆ ಇರೋಲ್ಲ."

"ಹೋಗ್ಲಿ ಬಿಡು." ಅತ್ತೆ ಪೆಟ್ಟಿಗೆಯನ್ನು ಸೊಸೆಯ ಕೈಗೆ ಹೇರಿದರು. "ಗಾಜಿನ ಈಚೆ ಕೂತ್ಕೋ, ನನ್ನ ಎದುರಿಗೆ. ಆದರೆ ಓಡಿ ಬರಬೇಡ. ಏನೇ ಅದು, ಎಮ್ಮೆ ಥರ ಏದುಸಿರು!"